ತೆಂಗಿನ ಮರಕ್ಕೆ ಕಿವಿಗೊಟ್ಟ ವರ್ಷಗಳು

ಹೋದ ವಾರ ಬಂದಿದ್ದಾಗ ಸುಧಾ ತನ್ನ ಹೊಸ ಕೆಲಸದ ಬ್ಯಾಗು ಬಿಚ್ಚಿ ತೋರಿಸಿದಳು. ಟೋಪಿ, ಟಾರ್ಚು, ಕೈಗವಸು, ಇಲಾಖೆಯವರು ಕೊಟ್ಟ ಫೋನು. ತೆಂಗಿನ ತೋಟಗಳಿಗೆ ಹೋಗಿ ಕೆಂಪು ಮೂತಿ ಹುಳ ಬಿದ್ದ ಮರಗಳನ್ನು ಗುರುತಿಸುವುದು ಅವಳ ಕೆಲಸವಂತೆ. "ನೀನೂ ಇದನ್ನೇ ಮಾಡ್ತಿದ್ದೆ ಅಂತ ಅಮ್ಮ ಹೇಳ್ತಾಳೆ. ನೀನು ಮಾತ್ರ ಒಂದು ದಿನಾನೂ ಏನೂ ಹೇಳಿಲ್ಲ ಅಜ್ಜಿ" ಅಂದಳು. ಅವತ್ತೂ ನಾನು ಏನೂ ಹೇಳಲಿಲ್ಲ. ಎದುರಿಗೆ ಕೂತು ಕೇಳುವವರಿದ್ದರೆ ನನಗೆ ಮಾತು ಹೊರಡುವುದಿಲ್ಲ. ಕಣಕಟ್ಟೆಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ ಅಂದುಕೊಳ್ಳಿ ಮಕ್ಕಳೇ. ಸುಧಾ ಓದಿದ ಮೇಲೆ ಅವಳ ತಮ್ಮನೂ ಓದಲಿ.

ಆ ಹುಳವನ್ನು ಕೈಯಲ್ಲಿ ಹಿಡಿದರೆ ಯಾರಿಗೂ ಭಯವಾಗುವುದಿಲ್ಲ. ಇಟ್ಟಿಗೆಯ ಬಣ್ಣ, ಮುಂದಕ್ಕೆ ಚಾಚಿದ ಸಣ್ಣ ಮೂತಿ. ಅಂಗೈ ಮೇಲೆ ಬಿಟ್ಟರೆ ದಾರಿ ತಪ್ಪಿದವರ ಹಾಗೆ ನಡೆಯುತ್ತದೆ. ಮರವನ್ನು ಕೊಲ್ಲುವುದು ಇದಲ್ಲ, ಇದರ ಮರಿಗಳು. ತೆಂಗಿನ ಮರಕ್ಕೆ ಎಲ್ಲಾದರೂ ಗಾಯವಾಗಿದ್ದರೆ ಆ ಗಾಯದ ವಾಸನೆ ಹಿಡಿದು ಹುಳ ಹಾರಿ ಬಂದು ಅಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ಹುಟ್ಟಿ ಒಳಗೇ ತಿಂದು ಒಳಗೇ ದಪ್ಪವಾಗುತ್ತವೆ. ಹೊರಗೆ ಮರ ಹಸಿರಾಗಿ, ಕಾಯಿ ಹೊತ್ತು ನಿಂತಿರುತ್ತದೆ. ನೆತ್ತಿಯ ಸುಳಿ ಬಾಡಿದ್ದು ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಬಾಡುವ ಮೊದಲೇ ಕಂಡುಹಿಡಿಯಬೇಕು, ನಮ್ಮ ಕೆಲಸವೆಲ್ಲ ಅಷ್ಟೇ.

ನಾನು ತೋಟಗಾರಿಕೆ ಫಾರಮ್ಮಿಗೆ ಸೇರಿದ್ದು ಸಸಿಗಳಿಗೆ ಮಣ್ಣು ತುಂಬುವ ಕೂಲಿಗೆ. ಅಲ್ಲಿ ಮರ ಹತ್ತುವ ಕೆಲಸಕ್ಕಿದ್ದವರು ನಿಮ್ಮ ತಾತ. ನಮ್ಮ ಕಡೆ ಮರ ಹತ್ತುವವರು ಬಹಳ ಕಡಿಮೆ. ಕಾಯಿ ಬಲಿತು ತಾನೇ ಉದುರುತ್ತದೆ, ಇಲ್ಲವಾದರೆ ಉದ್ದನೆಯ ದೋಟಿಗೆ ಕುಡುಗೋಲು ಕಟ್ಟಿ ನೆಲದಲ್ಲೇ ನಿಂತು ಕೀಳುತ್ತಾರೆ. ಮೇಲೆ ಹೋಗಿ ಸುಳಿ ನೋಡಬೇಕಾದರೆ ಮಾತ್ರ ಹತ್ತುವವರು ಬೇಕು. ಅವರು ಕಾಲಿಗೆ ಹಗ್ಗದ ತಳೆ ಹಾಕಿಕೊಂಡು, ಮರವನ್ನು ಅಪ್ಪಿಕೊಂಡು, ಬೇರೆಯವರು ಮೆಟ್ಟಿಲು ಹತ್ತುವಷ್ಟು ಹೊತ್ತಿನಲ್ಲಿ ಮೇಲಿರುತ್ತಿದ್ದರು. ಮದುವೆಯಾದ ಮೇಲೆ ಫಾರಮ್ಮಿನ ಸಾಹೇಬರು ನಮ್ಮಿಬ್ಬರನ್ನೂ ಜೊತೆಯಾಗಿ ತೋಟಗಳಿಗೆ ಕಳಿಸತೊಡಗಿದರು. ಅವರು ಮೇಲೆ, ನಾನು ಬುಡದಲ್ಲಿ.

ಬುಡದಲ್ಲಿ ನನ್ನ ಕೆಲಸ ಏನೆಂದರೆ, ಮೊದಲು ಕಾಂಡದ ಸುತ್ತ ನೋಡುವುದು. ಸಣ್ಣ ತೂತಿನಿಂದ ಅಗಿದ ನಾರು ಹೊರಗೆ ಬಂದಿದೆಯೇ, ಕಂದು ಬಣ್ಣದ ರಸ ಸೋರಿ ಒಣಗಿದೆಯೇ, ಹುಳಿ ವಾಸನೆ ಇದೆಯೇ. ಆಮೇಲೆ ಕಾಂಡಕ್ಕೆ ಕಿವಿ ಇಡುವುದು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಇಡಬೇಕು, ಸೆರಗಿನಿಂದ ಇನ್ನೊಂದು ಕಿವಿ ಮುಚ್ಚಿಕೊಳ್ಳಬೇಕು. ಮೊದಮೊದಲು ನಮ್ಮ ರಕ್ತದ ಸದ್ದೇ ಕೇಳುತ್ತದೆ. ಸ್ವಲ್ಪ ಹೊತ್ತು ಕಾದರೆ ಅದರ ಹಿಂದೆ ಇನ್ನೊಂದು ಸದ್ದು, ನೆನೆಸಿದ ಅಕ್ಕಿಯನ್ನು ಯಾರೋ ಮೆಲ್ಲಗೆ ಅಗಿಯುತ್ತಿರುವ ಹಾಗೆ. ಅದನ್ನು ಒಂದು ಸಲ ಕೇಳಿದರೆ ಮತ್ತೆ ಮರೆಯುವುದಿಲ್ಲ.

ಕಂಡಿದ್ದನ್ನು ಮರದ ಮೇಲಿದ್ದವರಿಗೆ ತಿಳಿಸಬೇಕಲ್ಲ. ಬೇರೆಯವರ ತೋಟದಲ್ಲಿ, ಗಂಡಸರ ಮುಂದೆ, ಕತ್ತೆತ್ತಿ ಕೂಗುವುದು ನನ್ನಿಂದ ಆಗುತ್ತಿರಲಿಲ್ಲ. ಕೂಗಿದರೂ ಏನಂತ ಕೂಗುವುದು, ಗಂಡನ ಹೆಸರು ಹಿಡಿದು ಕರೆಯುವ ರೂಢಿಯೂ ಇಲ್ಲ. ಹಾಗಾಗಿ ಕಲ್ಲಿನಿಂದ ಕಾಂಡವನ್ನು ತಟ್ಟುತ್ತಿದ್ದೆ. ಒಂದು ತಟ್ಟಿದರೆ ಇಳಿಯಿರಿ, ಎರಡು ತಟ್ಟಿದರೆ ಸುಳಿ ಸರಿಯಾಗಿ ನೋಡಿ. ಮೇಲಿನಿಂದ ಅವರು ಮಚ್ಚಿನ ಹಿಂಬದಿಯಿಂದ ಉತ್ತರ ತಟ್ಟುತ್ತಿದ್ದರು. ಅದು ನನ್ನ ಕಿವಿಗಿಂತ ಮೊದಲು ಅಂಗೈಗೆ ತಲುಪುತ್ತಿತ್ತು. ಮನೆಯಲ್ಲಿ ಅತ್ತೆ, ಭಾವ, ಅವರ ಮಕ್ಕಳ ನಡುವೆ ನಾವಿಬ್ಬರು ಆಡಿದ ಮಾತು ಕಡಿಮೆ. ನಮ್ಮ ಮಾತೆಲ್ಲ ಊರವರ ತೆಂಗಿನ ಮರಗಳ ಮೂಲಕವೇ ಆಗಿದ್ದು ಅನ್ನಿಸುತ್ತದೆ.

ನಾನು ಕಿವಿ ಇಟ್ಟು ನಿಂತರೆ ತೋಟದವರಿಗೆ ನಗು. ಮಾದಿಹಳ್ಳಿಯ ಗೌಡರೊಬ್ಬರು ಪ್ರತಿ ಸಲ ಕೇಳುತ್ತಿದ್ದರು, "ಏನಮ್ಮೋ, ಏನಂತೈತೆ ನಮ್ಮ ಮರ?" ಅಂತ. ನಾನು ತಲೆ ತಗ್ಗಿಸುತ್ತಿದ್ದೆ. ಒಂದು ದಿನ ಮೇಲಿನಿಂದ ನಿಮ್ಮ ತಾತನ ದನಿ ಬಂತು. "ನೀರು ಬಿಟ್ಟು ಯಾವ ಕಾಲ ಆಯ್ತು ಅಂತ ಕೇಳ್ತೈತೆ ಗೌಡ್ರೆ." ಗೌಡರು ಅವತ್ತೇ ಪಂಪು ಹಾಕಿಸಿದರು.

ಬಸ್ತಿಹಳ್ಳಿಯ ಒಂದು ತೋಟ ನೋಡಿ ಬರುವಾಗ ಹಳೇಬೀಡಿನಲ್ಲಿ ಬಸ್ಸು ತಪ್ಪಿತು. ಇನ್ನೊಂದು ಬರುವವರೆಗೆ ಬಸದಿಯ ಹತ್ತಿರ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಕೈ ತೊಳೆದು ಒಳಗೆ ಹೋದೆವು. ಅಲ್ಲಿಯ ಕಂಬಗಳನ್ನು ನೀವೂ ನೋಡಿದ್ದೀರಿ, ಕರಿ ಕಲ್ಲಿಗೆ ಕನ್ನಡಿಯ ಹೊಳಪು. ನಾವು ಪಕ್ಕಪಕ್ಕ ನಿಂತಾಗ ಕಂಬದಲ್ಲಿ ಇಬ್ಬರ ಮುಖವೂ ಕಾಣಿಸಿತು, ಉದ್ದಕ್ಕೆ ಎಳೆದ ಹಾಗೆ. "ನನ್ನ ಮೂತಿ ನೋಡು, ಥೇಟ್ ನಮ್ಮ ಹುಳದ್ದೇ" ಅಂದರು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿ ಬಂದೆ. ನಮ್ಮ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ, ಆಮೇಲೂ ತೆಗೆಸಲಿಲ್ಲ. ನಾವಿಬ್ಬರೂ ಒಟ್ಟಿಗೆ ಹೇಗೆ ಕಾಣುತ್ತಿದ್ದೆವು ಅಂತ ನನಗೆ ಗೊತ್ತಿರುವುದು ಆ ಕಂಬದಿಂದ ಮಾತ್ರ. ಓಡಿ ಬರಬಾರದಿತ್ತು, ಇನ್ನಷ್ಟು ಹೊತ್ತು ನೋಡಬೇಕಿತ್ತು.

ಆಗಿನ ಕಾಲಕ್ಕೆ ಚಿಕಿತ್ಸೆ ಅಂದರೆ ತೂತುಗಳನ್ನೆಲ್ಲ ಜೇಡಿಮಣ್ಣಿನಿಂದ ಮುಚ್ಚಿ, ಎಲ್ಲಕ್ಕಿಂತ ಮೇಲಿನ ತೂತಿನಿಂದ ಕೊಳವೆ ಇಟ್ಟು ಔಷಧ ಸುರಿದು, ಅದನ್ನೂ ಮುಚ್ಚುವುದು. ಬೇಗ ಕಂಡರೆ ಮರ ಉಳಿಯುತ್ತಿತ್ತು. ತಡವಾದರೆ ಕಡಿದು, ಸೀಳಿ, ಸುಡುವುದೊಂದೇ ದಾರಿ. ಕಡಿದು ಹಾಗೇ ಬಿಟ್ಟರೆ ಒಳಗಿನ ಮರಿಗಳು ಅಲ್ಲೇ ಗೂಡು ಕಟ್ಟಿ ಹುಳವಾಗಿ ಪಕ್ಕದ ತೋಟಕ್ಕೆ ಹಾರುತ್ತವೆ. ಇದನ್ನು ಹೇಳಿದರೆ ಜನ ನಂಬುತ್ತಿರಲಿಲ್ಲ. ಹಸಿರು ಮರ ಕಡಿ ಅಂದರೆ ಯಾರಿಗೆ ಕೋಪ ಬರುವುದಿಲ್ಲ? ಒಬ್ಬರು ನಮ್ಮ ಮೇಲೆ ನಾಯಿ ಬಿಟ್ಟರು. ಇನ್ನೊಬ್ಬರು ಹಾಲು ಕಾಯಿಸಿ ಕೊಟ್ಟು, ಕುಡಿದ ಮೇಲೆ, ನಾಳೆಯಿಂದ ಈ ಕಡೆ ಬರಬೇಡಿ ಅಂದರು.

ಆಗ ಸಾಹೇಬರ ಜಾಗಕ್ಕೆ ಒಬ್ಬರು ಮೇಡಂ ಬಂದರು. ಅವರು ನನ್ನನ್ನು ಮಾತಾಡು ಅಂತ ಯಾವತ್ತೂ ಒತ್ತಾಯ ಮಾಡಲಿಲ್ಲ. ಹಿಂದಿನ ಸಾಹೇಬರಾಗಿದ್ದರೆ "ಬಾಯಿಲ್ವೇನಮ್ಮ ನಿಂಗೆ" ಅನ್ನುತ್ತಿದ್ದರು. ಮೇಡಂ ಮಾತ್ರ, ಹೇಳಲು ಆಗದಿದ್ದರೆ ತೋರಿಸು ಅಂದರು. ಸೀಳಿದ ಮರದಿಂದ ಒಂದು ತುಂಡು ತೆಗೆದು, ಹೆಬ್ಬೆರಳ ಗಾತ್ರದ ಮರಿಗಳ ಸಮೇತ ಒಂದು ಟಿಫನ್ ಡಬ್ಬಿಯಲ್ಲಿ ಹಾಕಿಕೊಟ್ಟರು. ತೋಟದವರ ಮುಂದೆ ಡಬ್ಬಿಯ ಮುಚ್ಚಳ ತೆಗೆದು ಹಿಡಿದರೆ ಸಾಕು, ಮಾತು ಬೇಕಾಗುತ್ತಿರಲಿಲ್ಲ. ಒಂದು ಸಲ ಜಾವಗಲ್ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು, ಉಪ್ಪಿನಕಾಯಿ ಇದೆಯೇನವ್ವ ಅಂತ ಆ ಡಬ್ಬಿಗೆ ಕೈ ಹಾಕಿ ಮುಚ್ಚಳ ತೆಗೆದಳು. ಬಸ್ಸು ನಿಂತಿತು. ಕಂಡಕ್ಟರು ನಮ್ಮಿಬ್ಬರನ್ನೂ ಇಳಿಸಿದ. ನಡೆದುಕೊಂಡು ಬರುವಾಗ ನಿಮ್ಮ ತಾತ ದಾರಿಯುದ್ದಕ್ಕೂ ನಗುತ್ತಿದ್ದರು.

ಮುಂದೆ ಬಕೆಟ್ಟು ಬಂತು. ಹುಳಗಳನ್ನು ಕರೆಯುವ ವಾಸನೆಯ ಒಂದು ಸಣ್ಣ ಪೊಟ್ಟಣವನ್ನು ಬಕೆಟ್ಟಿನ ಮುಚ್ಚಳಕ್ಕೆ ಕಟ್ಟುವುದು, ಒಳಗೆ ಬೆಲ್ಲದ ನೀರು, ಕೊಳೆತ ಹಣ್ಣು, ಸ್ವಲ್ಪ ಔಷಧ. ತೂತಿನಿಂದ ಒಳಗೆ ಹೋದ ಹುಳ ನೀರಿಗೆ ಬಿದ್ದು ಸಾಯುತ್ತದೆ. ಬಕೆಟ್ಟನ್ನು ತೋಟದಿಂದ ದೂರಕ್ಕೆ, ಬೇಲಿಯ ಆಚೆ ಬಯಲಲ್ಲಿ ಕಟ್ಟಬೇಕು. ಎಳೆಯ ಮರಗಳ ನಡುವೆ ಕಟ್ಟಿದರೆ ವಾಸನೆಗೆ ಬಂದ ಹುಳವೆಲ್ಲ ಬಕೆಟ್ಟಿಗೇ ಬೀಳುವುದಿಲ್ಲ, ಅರ್ಧ ಪಕ್ಕದ ಮರಕ್ಕೆ ಇಳಿಯುತ್ತವೆ. ಮಾದಿಹಳ್ಳಿಯಲ್ಲಿ ಒಂದು ಮನೆಯ ಅಣ್ಣ ತಮ್ಮ ಇದಕ್ಕೇ ಜಗಳವಾಡಿದರು. ಅಣ್ಣ ತನ್ನ ಬಕೆಟ್ಟನ್ನು ತಮ್ಮನ ಬದುವಿಗೆ ಕಟ್ಟಿದ್ದ. ತಮ್ಮ ಅದನ್ನು ಬಿಚ್ಚಿ ತಂದು ಅಣ್ಣನ ಜಗಲಿ ಮೇಲಿಟ್ಟ. "ನಿನ್ನ ನೆಂಟರನ್ನ ನೀನೇ ಕರ್ಕ, ನನ್ನ ಮನೆಗ್ಯಾಕ್ಲಾ ಕಳಿಸ್ತಿ" ಅಂದನಂತೆ. ಈಗ ಸುಧಾ ಹೇಳುವ ಹೊಸ ಯಂತ್ರಗಳ ವಿಷಯ ನನಗೆ ಗೊತ್ತಿಲ್ಲ. ಮರದೊಳಗಿನ ಸದ್ದನ್ನು ಫೋನಿನಲ್ಲೇ ಕೇಳಿಸುವ ಸಾಧನ ಬರುತ್ತಿದೆಯಂತೆ. ಬರಲಿ. ಆದರೆ ಅದನ್ನು ಇಡಬೇಕಾದ ಜಾಗವನ್ನು ನೀನೇ ಹುಡುಕಬೇಕು ಸುಧಾ. ಮರಕ್ಕೆ ಎಲ್ಲಿ ಗಾಯವಾಗಿದೆ ಅಂತ ನೋಡು. ಗಾಯವಿಲ್ಲದೆ ಈ ಹುಳ ಬರುವುದು ಕಡಿಮೆ.

ಗಾಯ ಮಾಡುವವರು ನಾವೇ. ಮದುವೆಗೆ ಚಪ್ಪರ ಅಂದ ಕೂಡಲೇ ಹಸಿ ಗರಿಗಳನ್ನು ಬುಡಕ್ಕೆ ಕತ್ತರಿಸುತ್ತೇವೆ. ಚಪ್ಪರ ಬಿಚ್ಚುವುದರೊಳಗೆ ಹುಳ ಮರದಲ್ಲಿರುತ್ತದೆ. ಕಣಕಟ್ಟೆಯಲ್ಲಿ ಒಂದು ಮನೆಗೆ ಇದನ್ನು ಹೇಳಲು ಹೋದಾಗ ಮದುಮಗಳ ತಾಯಿ, ಪ್ಲಾಸ್ಟಿಕ್ಕಿನ ಚಪ್ಪರದಡಿ ಮಗಳನ್ನು ಧಾರೆ ಎರೆಯಲೇನು ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಆಗ ನಿಮ್ಮ ತಾತ ತಾವೇ ಹತ್ತಿ, ಒಂದೊಂದು ಗರಿಗೂ ತೋಳುದ್ದದ ತುಂಡನ್ನು ಮರದಲ್ಲೇ ಬಿಟ್ಟು, ತುದಿಯನ್ನು ಮಾತ್ರ ಕತ್ತರಿಸಿ ಕೆಳಗೆ ಹಾಕಿದರು. ಹಾಗೆ ಬಿಟ್ಟರೆ ತುಂಡು ತುದಿಯಿಂದ ಒಣಗುತ್ತಾ ಬರುತ್ತದೆ, ಹುಳ ಕಾಂಡದವರೆಗೆ ಹೋಗುವುದಿಲ್ಲ. ಮರಗಳು ಕೆಟ್ಟ ಕ್ಷೌರ ಮಾಡಿಸಿಕೊಂಡವರ ಹಾಗೆ ಕಂಡವು. ಮದುವೆಗೆ ಬಂದವರೆಲ್ಲ ನಕ್ಕರು. ಒಂದು ಮರವೂ ಸಾಯಲಿಲ್ಲ.

ಹೀಗೆ ಊರವರ ತೋಟ ನೋಡುತ್ತಿದ್ದ ಅವರಿಗೆ ತಮ್ಮದೇ ಒಂದು ತೋಟ ಮಾಡುವ ಆಸೆ. ಅಣ್ಣತಮ್ಮಂದಿರಿಗೆ ಪಾಲಾದಾಗ ಬಾವಿಯಿದ್ದ ಹಳೆಯ ತೋಟ ಭಾವನಿಗೆ, ಅಂದರೆ ನಿಮ್ಮ ದೊಡ್ಡ ತಾತನಿಗೆ ಹೋಯಿತು. ಇವರಿಗೆ ಪಕ್ಕದ ರಾಗಿ ಹೊಲ. ಇವರೇ ಹಾಗೆ ಕೇಳಿಕೊಂಡಿದ್ದರು, ಅಣ್ಣನಿಗೆ ಮಕ್ಕಳು ಜಾಸ್ತಿ ಅಂತ. ಆ ಹೊಲಕ್ಕೆ ಸಸಿ ತಂದು ನೆಟ್ಟರು. ಎರಡು ಬೇಸಿಗೆ ಭಾವನ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಉಳಿಸಿದೆವು. ಸಂಜೆ ಕೆಲಸದಿಂದ ಬಂದವರು ಸೀದಾ ಅಲ್ಲಿಗೇ ಹೋಗುತ್ತಿದ್ದರು. ಫಲ ಬಂದ ವರ್ಷ ನನಗೆ ಎಳನೀರು ಕಿತ್ತು ಕೊಡುತ್ತೇನೆ ಅನ್ನುತ್ತಿದ್ದರು. ಅದು ಬರುವ ಮುಂಚೆಯೇ ಹೋದರು. ಮರದಿಂದ ಬಿದ್ದಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಕಾಮಾಲೆ. ಹಾಸಿಗೆಯಲ್ಲಿ ಮಲಗಿ, ತೋಟಕ್ಕೆ ನೀರಾಯಿತೇ ಅಂತ ಕೇಳುತ್ತಿದ್ದರು. ಆ ತೋಟವನ್ನು ಫಲಕ್ಕೆ ತರಬೇಕು ಅನ್ನುವುದೊಂದೇ ಆಮೇಲೆ ನನಗೆ ಉಳಿದದ್ದು. ನಿಮ್ಮ ಅಮ್ಮ ಆಗ ಹೈಸ್ಕೂಲಿನಲ್ಲಿದ್ದಳು.

ಕೆಲಸಕ್ಕೆ ಒಬ್ಬಳೇ ಹೋಗತೊಡಗಿದೆ. ಮೇಲೆ ಹತ್ತಲು ಫಾರಮ್ಮಿನವರು ಬೇರೆಯವರನ್ನು ಕಳಿಸುತ್ತಿದ್ದರು. ಒಳ್ಳೆಯವರೇ. ಏನಾದರೂ ಬೇಕಾದರೆ ಮೇಲಿನಿಂದ ಜೋರಾಗಿ ಕೂಗುತ್ತಿದ್ದರು.

ಎಳೆಯ ತೆಂಗಿಗೇ ಈ ಹುಳದ ಕಾಟ ಹೆಚ್ಚು. ನಮ್ಮ ಸಸಿಗಳು ಆಳೆತ್ತರ ದಾಟಿ ಕಾಂಡ ಬಿಡುತ್ತಿದ್ದವು, ಅದೇ ವಯಸ್ಸು. ದಿನಾ ಒಂದೊಂದಕ್ಕೂ ಕಿವಿ ಇಟ್ಟು ಬರುತ್ತಿದ್ದೆ. ಒಂದು ಬೆಳಿಗ್ಗೆ, ಬದುವಿನ ಪಕ್ಕದ ಮರದಲ್ಲಿ ಆ ಸದ್ದು ಕೇಳಿತು. ಅದಕ್ಕೆ ಔಷಧ ಹಾಕಿದೆ. ಅದರ ಪಕ್ಕದ್ದರಲ್ಲಿಯೂ ಕೇಳಿತು. ಎರಡೂ ಉಳಿಯಲಿಲ್ಲ. ನಾನೇ ನಿಂತು ಕಡಿಸಿ ಸುಡಿಸಿದೆ. ಹುಳ ಎಲ್ಲಿಂದ ಬರುತ್ತಿದೆ ಅಂತ ಸುತ್ತ ಹುಡುಕಿದಾಗ ಬದುವಿನ ಆಚೆ, ಭಾವನ ಪಾಲಿನಲ್ಲಿದ್ದ ಹಳೆಯ ಮರ ಕಣ್ಣಿಗೆ ಬಿತ್ತು.

ಅದು ನಮ್ಮ ಅತ್ತೆ ನೆಟ್ಟ ಮರ. ಅದರ ಕಾಂಡದಲ್ಲಿ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಕಚ್ಚುಗಳಿದ್ದವು. ನಿಮ್ಮ ತಾತ ಹುಡುಗನಾಗಿದ್ದಾಗ, ತಳೆ ಕಟ್ಟುವುದು ಗೊತ್ತಿಲ್ಲದ ಕಾಲದಲ್ಲಿ, ಕಾಲಿಡಲು ಮಚ್ಚಿನಿಂದ ಕೊಚ್ಚಿಕೊಂಡದ್ದು. ಮರ ಹಾಳು ಮಾಡಿದ ಅಂತ ಅತ್ತೆ ಬರೆ ಹಾಕಲು ಅಟ್ಟಿಸಿಕೊಂಡು ಬಂದಾಗ ಅದನ್ನೇ ಹತ್ತಿ ಕೂತಿದ್ದರಂತೆ. ತೆಂಗಿನ ಕಾಂಡ ಬೇರೆ ಮರಗಳ ಹಾಗೆ ದಪ್ಪವಾಗುತ್ತಾ ಹೋಗುವುದಿಲ್ಲ. ಆ ಕಚ್ಚುಗಳು ಮುಚ್ಚಿಕೊಂಡಿರಲಿಲ್ಲ, ಅಗಲವೂ ಆಗಿರಲಿಲ್ಲ. ಒಬ್ಬ ಹುಡುಗನ ಪಾದ ಹಿಡಿಯುವಷ್ಟೇ ಇದ್ದವು.

ನೋಡಿದರೆ ಕಚ್ಚುಗಳ ಒಳಗೆ ಯಾರೋ ಹೊಸದಾಗಿ ಕೆರೆದು ಸ್ವಚ್ಛ ಮಾಡಿದ್ದರು. ಪ್ರತಿಯೊಂದರಲ್ಲೂ ವಿಭೂತಿಯ ಗುರುತಿತ್ತು. ಕೆರೆದ ಜಾಗದಲ್ಲಿ ಸಣ್ಣ ತೂತುಗಳು, ಅಗಿದ ನಾರು, ಕಂದು ರಸ. ಕಿವಿ ಇಡುವುದೇ ಬೇಕಿರಲಿಲ್ಲ.

ನನ್ನ ವಾರಗಿತ್ತಿಯನ್ನು ಕೇಳಿದೆ. ಅವಳನ್ನು ಅಕ್ಕ ಅನ್ನುತ್ತಿದ್ದೆ. ಅಕ್ಕ ಸುತ್ತ ನೋಡಿ ಮೆಲ್ಲಗೆ ಹೇಳಿದಳು. ಇವರು ಹೋದ ಮೇಲೆ ಪ್ರತಿ ವರ್ಷ ಹಿರಿಯರ ಹಬ್ಬದ ದಿನ ಭಾವ ಒಬ್ಬರೇ ತೋಟಕ್ಕೆ ಹೋಗಿ, ಕುಡುಗೋಲಿನ ತುದಿಯಿಂದ ಆ ಕಚ್ಚುಗಳ ಪಾಚಿ, ಧೂಳು ಕೆರೆದು, ಕೈಗೆ ಎಟಕುವಷ್ಟಕ್ಕೆ ನೆಲದಲ್ಲಿ ನಿಂತು, ಎಟಕದ್ದಕ್ಕೆ ಏಣಿ ಹಾಕಿ, ವಿಭೂತಿ ಹಚ್ಚಿ ಬರುತ್ತಾರಂತೆ. "ಮನೇಲಿ ಎಡೆ ಇಡೋವಾಗ ಒಂದು ತೊಟ್ಟು ಕಣ್ಣೀರು ಹಾಕಲ್ಲ ಕಣೇ ಅವರು. ಎಲ್ಲಾ ಅಲ್ಲೇ ಹೋಗಿ ಮಾಡ್ಕಂಡು ಬತ್ತಾರೆ" ಅಂದಳು.

ಭಾವ ತಮ್ಮನ ಹೆಜ್ಜೆ ಮುಚ್ಚಿಹೋಗಬಾರದು ಅಂತ ಕೆರೆದಿದ್ದರು. ಆ ಹಸಿ ಗಾಯದ ವಾಸನೆಗೇ ಹುಳ ಬಂದಿತ್ತು.

ಆ ಮರವನ್ನು ಕಡಿಯಬೇಕಿತ್ತು. ಅದನ್ನು ಉಳಿಸಿಕೊಂಡರೆ ಇವರು ನೆಟ್ಟ ತೋಟ ಒಂದೊಂದೇ ಸಾಲಾಗಿ ಹೋಗುತ್ತಿತ್ತು. ಇವರ ಕಾಲಿಟ್ಟ ಗುರುತೋ, ಇವರು ಕೈಯಾರೆ ನೆಟ್ಟದ್ದೋ, ಎರಡರಲ್ಲಿ ಒಂದು. ಬೇರೆ ಯಾರ ತೋಟವಾಗಿದ್ದರೂ ನಾನು ಟಿಫನ್ ಡಬ್ಬಿ ತೆಗೆದು ಹಿಡಿಯುತ್ತಿದ್ದೆ. ಇಲ್ಲಿ ಯಾರ ಮುಂದೆ ಹಿಡಿಯುವುದು?

ನಿಮಗೆ ಇದು ವಿಚಿತ್ರವಾಗಿ ಕಾಣಬಹುದು. ನಾನು ಮದುವೆಯಾಗಿ ಬಂದ ದಿನದಿಂದ ಭಾವನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನಮ್ಮ ಮನೆಯಲ್ಲಿ ಹಾಗೆ. ಗಂಡನ ಅಣ್ಣ ಬಂದರೆ ಎದ್ದು ಒಳಗೆ ಹೋಗಬೇಕು, ಹೇಳುವುದಿದ್ದರೆ ಅಕ್ಕನ ಮೂಲಕ ಹೇಳಿಸಬೇಕು. ಅಕ್ಕ ಇಲ್ಲದಿದ್ದರೆ ಭಾವ ಹಸುವಿನ ಜೊತೆ ಮಾತಾಡುತ್ತಿದ್ದರು. "ಏನವ್ವ ಗೌರಿ, ಇವತ್ತು ಸಂತೆಯಿಂದ ಏನಾದ್ರೂ ತರಬೇಕಾ" ಅಂತ ಹಸುವನ್ನು ಕೇಳುವರು. ನಾನು ಹಸುವಿನ ಮೈ ತಿಕ್ಕುತ್ತಾ, ಉಪ್ಪು ಮುಗಿದಿದೆ ಕಣೇ ಗೌರಿ ಅನ್ನುವೆ. ಭಾವ ಉಪ್ಪು ತರುವರು. ನಮ್ಮ ನಡುವೆ ಯಾವ ದ್ವೇಷವೂ ಇರಲಿಲ್ಲ. ಇವರು ಹೋದ ಮೇಲೆ ನಮ್ಮ ಮನೆಗೆ ಮೊದಲ ಚೀಲ ರಾಗಿ ತಂದು ಇಳಿಸಿದವರೂ ಭಾವನೇ. ಇಳಿಸಿ, ಬಾಗಿಲಿಗೆ ಏನೋ ಹೇಳಿ ಹೋದರು.

ಅಕ್ಕನ ಮೂಲಕ ಹೇಳಿಸಿದೆ. ಮರಕ್ಕೆ ಔಷಧ ಹಾಕು ಅಂತ ಉತ್ತರ ಬಂತು. ಹಾಕಿದೆ. ಮಣ್ಣಿನಿಂದ ತೂತುಗಳನ್ನು ಮುಚ್ಚುವಾಗ ನನ್ನ ಬೆರಳು ಆ ಕಚ್ಚುಗಳೊಳಗೆ ಹೋಗುತ್ತಿತ್ತು. ಮುಚ್ಚಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದೆ. ಒಂದು ಮಳೆಗಾಲ ಕಾದೆವು. ಆ ಮರ ಉಳಿಯಲಿ ಅಂತ ಕೇಳಿಕೊಂಡಷ್ಟು ನನ್ನ ತೋಟಕ್ಕಾಗಿಯೂ ಕೇಳಿಕೊಂಡಿರಲಿಲ್ಲ. ಮಳೆ ಮುಗಿಯುವ ಹೊತ್ತಿಗೆ ಸುಳಿ ಬಾಡಿ ಒಂದು ಕಡೆ ವಾಲಿತು. ಇತ್ತ ನಮ್ಮ ಸಾಲಿನ ಮೂರನೆಯ ಮರದಲ್ಲಿ ಸದ್ದು ಶುರುವಾಯಿತು.

ಮತ್ತೆ ಹೇಳಿಸಿದೆ. ಸತ್ತರೆ ತಾನೇ ಸಾಯಲಿ, ನಾನು ಕೊಡಲಿ ಹಾಕಿಸುವುದಿಲ್ಲ ಅಂತ ಭಾವ ಅಂದರಂತೆ. ಅಕ್ಕ ನನ್ನ ಪರವಾಗಿ ಮನೆಯಲ್ಲಿ ಸಾಕಷ್ಟು ಜಗಳವಾಡಿದಳು ಅಂತ ಆಮೇಲೆ ಗೊತ್ತಾಯಿತು. ಒಣಗಿ ನಿಂತ ಮರವನ್ನು ನೋಡಿಕೊಂಡು ಎಷ್ಟು ದಿನ ಕೂತಿರ್ತೀರಿ, ಅವಳ ತೋಟ ಹೋದರೆ ನಿಮ್ಮ ತಮ್ಮ ಮೆಚ್ಚುತ್ತಾನಾ ಅಂತ ಕೇಳಿದ್ದಳು. ಭಾವ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ತಾವೇ ಹೋಗಿ ಮರ ಕಡಿಯುವವರನ್ನು ಕರೆತಂದರು. ನನಗೆ ಹೇಳಿಯೂ ಇರಲಿಲ್ಲ, ಗರಗಸದ ಸದ್ದು ಕೇಳಿ ಓಡಿ ಹೋದೆ.

ಮರ ಬಿದ್ದಾಗ ನೆಲ ಅದುರಿತು. ಸೀಳಿದರು. ಒಳಗೆ ಮರ ಅನ್ನುವುದೇ ಇರಲಿಲ್ಲ, ಒದ್ದೆ ನಾರಿನ ಮುದ್ದೆ, ಅದರೊಳಗೆ ಮರಿಗಳು, ನಾರು ಸುತ್ತಿದ ಗೂಡುಗಳು. ಆಳುಗಳು ತುಂಡುಗಳನ್ನು ರಾಶಿ ಹಾಕಿದರು. ಸೀಮೆಎಣ್ಣೆ ಹಾಕಿ ಬೆಂಕಿ ಕೊಡುವುದೊಂದು ಬಾಕಿ. ಆಗ ನೋಡಿದೆ, ಭಾವ ರಾಶಿಯಿಂದ ಒಂದು ತುಂಡನ್ನು ಎಳೆದು ಪಕ್ಕಕ್ಕಿಟ್ಟುಕೊಂಡಿದ್ದರು. ಎರಡು ಕಚ್ಚುಗಳಿದ್ದ ತುಂಡು. ಹೆಗಲ ಮೇಲಿನ ಟವಲ್ಲು ತೆಗೆದು ಅದನ್ನು ಒರೆಸುತ್ತಿದ್ದರು. ಮನೆಗೆ ಒಯ್ಯುವವರಿದ್ದಾರೆ ಅಂತ ಗೊತ್ತಾಯಿತು.

ನಾನು ಅದರ ಹತ್ತಿರ ಹೋಗಿ ಕೂತೆ. ಕಚ್ಚಿನ ಕೆಳಗೆ ಹೊಸ ತೂತಿತ್ತು. ಒಳಗೆ ಇನ್ನೂ ಅಗಿಯುತ್ತಿದ್ದವು, ನನಗೆ ಕೇಳಿಸುತ್ತಿತ್ತು. ಅಕ್ಕ ಅಲ್ಲಿರಲಿಲ್ಲ, ಆಳುಗಳಿಗೆ ಕಾಫಿ ತರಲು ಹೋಗಿದ್ದಳು. ಗೌರಿಯೂ ಇರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡೆ.

"ಅದನ್ನೂ ಸುಡಬೇಕು ಭಾವ" ಅಂದೆ.

ಭಾವ ನನ್ನ ಮುಖ ನೋಡಿದರು. ನಾನೂ ನೋಡಿದೆ. ಇವರ ಕಣ್ಣೇ. ಅಷ್ಟು ವರ್ಷ ಒಂದೇ ಅಂಗಳದಲ್ಲಿ ಓಡಾಡಿಕೊಂಡಿದ್ದೆ, ಅದು ಗೊತ್ತೇ ಇರಲಿಲ್ಲ.

"ಈಟೇ ಈಟು ಕಣವ್ವ" ಅಂದರು. "ಇದ್ರಾಗೂ ಐತಾ?"

"ಐತೆ."

ಅವರು ತುಂಡನ್ನು ಸ್ವಲ್ಪ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಕೇಳಿದರು, "ಹುಳ ಎಲ್ಲಿಂದ ಬಂತವ್ವ ಇದಕ್ಕೆ?"

"ಗಾಳೀಲಿ ಬತ್ತದೆ ಭಾವ. ಎಲ್ಲಿಂದ ಅಂತ ಹೇಳಾಕಾಗಲ್ಲ."

ಅವರು ಎದ್ದು ತುಂಡನ್ನು ತಾವೇ ರಾಶಿಯ ಮೇಲಿಟ್ಟರು. ಬೆಂಕಿ ಹಚ್ಚುವವನಿಗೆ, ಹಚ್ಚಪ್ಪ ಅಂದರು. ಉರಿದು ಬೂದಿಯಾಗುವವರೆಗೆ ನಾವಿಬ್ಬರೂ ಬದುವಿನ ಎರಡು ಕಡೆ ನಿಂತಿದ್ದೆವು. ಅಕ್ಕ ಕಾಫಿ ತಂದು ನಮ್ಮನ್ನು ನೋಡಿ ಇಬ್ಬರಿಗೂ ಲೋಟ ಕೊಟ್ಟಳು. ಭಾವನ ಮುಂದೆ ನಿಂತು ನಾನು ಕಾಫಿ ಕುಡಿದದ್ದು ಅದೇ ಮೊದಲು.

ಈಗ ಭಾವ ಇಲ್ಲ, ಅಕ್ಕನೂ ಇಲ್ಲ, ಅದಕ್ಕೆ ಬರೆದೆ. ಸುಧಾ, ನೀನು ತೋಟಕ್ಕೆ ಹೋಗಿ ಮರ ಕಡಿಯಿರಿ ಅನ್ನುವ ಮುಂಚೆ ಅದು ಯಾರು ನೆಟ್ಟ ಮರ ಅಂತ ಕೇಳು. ಕೇಳಿದ ಮೇಲೂ ಕಡಿಯಿರಿ ಅಂತಲೇ ಹೇಳಬೇಕಾಗುತ್ತದೆ. ಆದರೂ ಕೇಳು. ಹುಳ ಹೇಗೆ ಬಂತು ಅಂತ ಅವರು ಕೇಳಿದರೆ, ಮುಂದೆ ಎಚ್ಚರವಾಗಿರಲು ಎಷ್ಟು ಬೇಕೋ ಅಷ್ಟು ಹೇಳಿದರೆ ಸಾಕು.

ನಮ್ಮ ಸಾಲಿನ ಮೂರನೆಯ ಮರ ಔಷಧಕ್ಕೆ ಉಳಿಯಿತು. ಅದರಾಚೆಗೆ ಹುಳ ಹೋಗಲಿಲ್ಲ. ತೋಟ ಫಲಕ್ಕೆ ಬಂದು ಬಹಳ ಕಾಲವಾಯಿತು, ನೀವು ಬಂದಾಗಲೆಲ್ಲ ಕುಡಿಯುವ ಎಳನೀರು ಅದರದ್ದೇ. ಆ ಮರಗಳಿಗೆ ನಾನು ಯಾರನ್ನೂ ಹತ್ತಗೊಡುವುದಿಲ್ಲ, ದೋಟಿಯಿಂದಲೇ ಕೀಳಿಸುತ್ತೇನೆ. ಮೊಳೆ ಹೊಡೆಯಗೊಡುವುದಿಲ್ಲ, ಹಸು ಕಟ್ಟಗೊಡುವುದಿಲ್ಲ. ಒಂದು ಗೀರೂ ಇಲ್ಲದೆ ನುಣ್ಣಗೆ ಬೆಳೆದಿವೆ. ನೋಡಿದವರು ಎಷ್ಟು ಚೆನ್ನಾಗಿಟ್ಟಿದ್ದೀರಿ ಅನ್ನುತ್ತಾರೆ. ಈಗಲೂ ಬೆಳಿಗ್ಗೆ ಒಂದು ಸುತ್ತು ಹೋಗಿ ಪ್ರತಿ ಮರವನ್ನೂ ಕೈಯಿಂದ ಸವರಿ ನೋಡುತ್ತೇನೆ. ಬೆರಳಿಗೆ ಎಲ್ಲಿಯೂ ಏನೂ ಸಿಗುವುದಿಲ್ಲ, ಹುಳದ ತೂತೂ ಇಲ್ಲ, ಒಂದು ಕಚ್ಚೂ ಇಲ್ಲ.